ಶ ಅಲ್ಲದ ಶ

ಈ ಬರಹದಲ್ಲಿ ನಾನು ಹೇಳಹೊರಟಿರುವ ಭಾಷೆಯ ಹೆಸರನ್ನು ಕನ್ನಡ ಲಿಪಿಯಲ್ಲಿ ಸರಿಯಾಗಿ ಬರೆಯಲು ಬರುವುದಿಲ್ಲ. ಶೆಹ್ರಿ ಎಂದು ಬರೆಯುತ್ತೇನೆ. ಅರಬ್ಬಿಯಲ್ಲೂ ಶ ಹಾಕಿಯೇ ಬರೆಯುತ್ತಾರೆ. ಆದರೆ ಅದನ್ನು ಮನೆಮಾತಾಗಿ ಆಡುವವರ ಬಾಯಲ್ಲಿ ಮೊದಲ ಅಕ್ಷರ ಶ ಅಲ್ಲ. ಲ ಎನ್ನಲು ಹೊರಟವರಂತೆ ನಾಲಿಗೆಯ ತುದಿಯನ್ನು ಮೇಲಿನ ಹಲ್ಲಿನ ಹಿಂದೆ ಒತ್ತಿ ಹಿಡಿಯಿರಿ. ಈಗ ದನಿ ಹೊರಡಿಸದೆ ಉಸಿರನ್ನಷ್ಟೇ ಬಿಡಿ. ಉಸಿರು ನಾಲಿಗೆಯ ಪಕ್ಕದಿಂದ, ದವಡೆ ಹಲ್ಲುಗಳ ಕಡೆಯಿಂದ ಜಾರಿ ಹೊರಬೀಳುತ್ತದೆ. ಕಾದ ಕಾವಲಿಯ ಮೇಲೆ ನೀರಿನ ಹನಿ ಬಿದ್ದಾಗ ಕೇಳುತ್ತದಲ್ಲ, ಹೆಚ್ಚುಕಡಿಮೆ ಆ ಸದ್ದು. ಶೆಹ್ರಿ ಶುರುವಾಗುವುದು ಅದರಿಂದ.

ನಾನು ಅದನ್ನು ಮೊದಲು ಕೇಳಿದ್ದು ಒಮಾನಿನ ದಕ್ಷಿಣ ಭಾಗದ ಸಲಾಲಾದಲ್ಲಿ. ಆರು ವರ್ಷ ಅಲ್ಲಿ ಕಟ್ಟಡ ಸಾಮಗ್ರಿಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ ಮಾಡಿದೆ. ನನ್ನ ಊರು ಪುತ್ತೂರಿನ ಕಡೆ, ಮನೆಮಾತು ತುಳು. ಶೆಹ್ರಿ ಎಂಬ ಹೆಸರು ಕಿವಿಗೆ ಬಿದ್ದಾಗ ನಮ್ಮಲ್ಲೂ ಬಳಕೆಯಲ್ಲಿರುವ ‘ಶಹರ’ ಎಂಬ ಪದ ನೆನಪಾಗಿ, ಇದು ಪೇಟೆಯವರ ಮಾತಿರಬೇಕು ಎಂದುಕೊಂಡಿದ್ದೆ. ಅದು ಬೆಟ್ಟದವರ ಮಾತು ಎಂದು ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ. ಸಲಾಲಾದ ಬೆನ್ನಿಗೆ ಬೆಟ್ಟಗಳ ಸಾಲು ಇದೆ. ಪಡುವಣದಲ್ಲಿ ಜಬಲ್ ಕಮರ್, ನಡುವೆ ಜಬಲ್ ಕರಾ, ಮೂಡಣದಲ್ಲಿ ಜಬಲ್ ಸಮ್ಹಾನ್. ಅಲ್ಲಿ ದನ, ಆಡು, ಒಂಟೆ ಸಾಕಿಕೊಂಡು ಬಂದವರು, ಧೂಪದ ಮರದಿಂದ ಅಂಟು ಇಳಿಸಿದವರು ಆಡುವ ಮಾತು ಇದು. ಬೆಟ್ಟ ಇಳಿದು ಬಂದವರಿಂದಾಗಿ ತೀರದ ತಾಕಾ, ಮಿರ್ಬಾತ್ ಪಟ್ಟಣಗಳಲ್ಲೂ ಕೇಳುತ್ತದೆ. ಸಮುದ್ರದೊಳಗಿನ ಹಲ್ಲಾನಿಯಾತ್ ದ್ವೀಪದಲ್ಲೂ ಇದರದೇ ಒಂದು ಬಗೆ ಇದೆ.

ಸಲಾಲಾದಲ್ಲಿರುವ ನಮ್ಮವರಲ್ಲಿ ಹಲವರು ಅದನ್ನು ‘ಹಳ್ಳಿ ಅರಬ್ಬಿ’ ಎಂದೇ ತಿಳಿದಿದ್ದಾರೆ. ಅದು ತಪ್ಪು, ಮತ್ತು ಈ ತಪ್ಪು ನನ್ನನ್ನು ಈಗಲೂ ಚುಚ್ಚುತ್ತದೆ. ತುಳುವನ್ನು ಕನ್ನಡದ ಉಪಭಾಷೆ ಎಂದು ಯಾರಾದರೂ ಹೇಳಿದಾಗ ಚುಚ್ಚುವ ಹಾಗೆಯೇ. ಶೆಹ್ರಿ ಅರಬ್ಬಿಯ ಮಗಳಲ್ಲ. ಇಬ್ಬರೂ ಸೆಮಿಟಿಕ್ ಎಂಬ ದೊಡ್ಡ ಮನೆತನದವರು, ಹೀಬ್ರೂ ಮತ್ತು ಇಥಿಯೋಪಿಯಾದ ಅಮ್ಹಾರಿಕ್ ಭಾಷೆಗಳು ಹೇಗೋ ಹಾಗೆ. ವಿದ್ವಾಂಸರು ‘ಆಧುನಿಕ ದಕ್ಷಿಣ ಅರೇಬಿಯನ್’ ಎಂದು ಕರೆಯುವ ಆರು ಭಾಷೆಗಳ ಗುಂಪಿನಲ್ಲಿ ಇದೂ ಒಂದು. ಮೆಹ್ರಿ, ಸೊಕೊತ್ರಿ, ಹರ್ಸೂಸಿ, ಹೊಬ್ಯೋತ್, ಬತ್ಹರಿ ಇದರ ಒಡಹುಟ್ಟುಗಳು. ಇವುಗಳಲ್ಲಿ ಬತ್ಹರಿಯನ್ನು ಆಡುವವರು ಬೆರಳೆಣಿಕೆಯಷ್ಟು. ಶೆಹ್ರಿ ಆಡುವವರು ಕೆಲವು ಹತ್ತು ಸಾವಿರ ಮಂದಿ ಇದ್ದಾರೆ. ಅರಬ್ಬಿ ಮಾತ್ರ ಬಲ್ಲ ಮಸ್ಕತ್ತಿನವರೊಬ್ಬರು ಬೆಟ್ಟದ ಮನೆಯೊಂದರ ಹರಟೆಗೆ ಕೂತರೆ, ಅರಬ್ಬಿಯಿಂದ ಬಂದು ಸೇರಿದ ಪದಗಳ ಹೊರತು ಬೇರೇನೂ ಅವರಿಗೆ ಹತ್ತುವುದಿಲ್ಲ.

ಒಂದು ಮಧ್ಯಾಹ್ನ ಅಂಗಡಿಗೆ ಒಬ್ಬ ಮುದುಕರು ಬಂದರು. ಸೊಂಟಕ್ಕೆ ನಮ್ಮ ಲುಂಗಿಯಂತೆಯೇ ಸುತ್ತಿಕೊಂಡ ವಿಝಾರ್, ತಲೆಗೆ ರುಮಾಲು, ಕೈಯಲ್ಲಿ ಕೋಲು. ಜೊತೆಗೆ ಹತ್ತು ವರ್ಷದ ಮೊಮ್ಮಗ. ಅಲ್ಲಿ ಹಿರಿಯರನ್ನು ‘ವಾಲಿದ್’ ಎಂದು ಕರೆಯುತ್ತಾರೆ, ಅಂದರೆ ತಂದೆ. “ಬನ್ನಿ ವಾಲಿದ್, ಏನು ಬೇಕಿತ್ತು?” ಎಂದು ನನಗೆ ಗೊತ್ತಿದ್ದಷ್ಟು ಅರಬ್ಬಿಯಲ್ಲಿ ಕೇಳಿದೆ. ಅವರು ನನಗೆ ಉತ್ತರಿಸದೆ ಮೊಮ್ಮಗನ ಕಡೆ ತಿರುಗಿ ಒಂದು ಮಾತು ಹೇಳಿದರು. ಹುಡುಗ ನನಗೆ “ಶಬಕ್” ಎಂದ, ತಂತಿ ಬಲೆ. ನಾನು ಎತ್ತರದ ಸುರುಳಿಯೊಂದನ್ನು ತೋರಿಸಿದೆ. ಮುದುಕರು ತಲೆಯಾಡಿಸಿ ಅದೇ ಮಾತನ್ನು ಮತ್ತೆ ಹೇಳಿದರು. ಹುಡುಗನ ಮುಖ ಸಪ್ಪಗಾಯಿತು. ಆ ಪದ ಅವನಿಗೆ ತಿಳಿದಿರಲಿಲ್ಲ. ಅಜ್ಜ ಶೆಹ್ರಿಯಲ್ಲಿ ವಿವರಿಸಿದರು, ಮೊಮ್ಮಗ ಅರಬ್ಬಿಯಲ್ಲಿ ಪ್ರಶ್ನೆ ಕೇಳಿದ. ಕಡೆಗೆ ಮುದುಕರು ಕೋಲನ್ನು ಗೋಡೆಗೆ ಒರಗಿಸಿ, ಎರಡೂ ಕೈಗಳಿಂದ ಮೊಣಕಾಲೆತ್ತರದ ಒಂದು ಸಣ್ಣ ಸುತ್ತನ್ನು ಗಾಳಿಯಲ್ಲಿ ಬರೆದು, ಮರಿ ಕೂಗುವಂತೆ ಮೆಲ್ಲಗೆ ಕೂಗಿದರು. ತಾಯಿ ಆಡುಗಳು ಮೇಯಲು ಹೋದಾಗ ಎಳೆಯ ಮರಿಗಳನ್ನು ಕೂಡಿಹಾಕುವ ಪುಟ್ಟ ದೊಡ್ಡಿ. ದೊಡ್ಡ ಆಡುಗಳ ದೊಡ್ಡಿಗೆ ಬೇರೆ ಹೆಸರು, ಇದಕ್ಕೆ ಬೇರೆ ಹೆಸರು. ಗಿಡ್ಡ ಬಲೆಯನ್ನು ಹನ್ನೆರಡು ಮೀಟರ್ ಅಳೆದು ಕೊಟ್ಟೆ.

ಅವತ್ತು ರಾತ್ರಿ ನನ್ನ ತಲೆಯಲ್ಲಿ ಸುತ್ತಿದ್ದು ‘ಕಿದೆ’ ಎಂಬ ತುಳು ಪದ. ದನದ ಕೊಟ್ಟಿಗೆ. ಬೆಂಗಳೂರಿನಲ್ಲಿ ಬೆಳೆಯುತ್ತಿರುವ ನನ್ನ ಅಕ್ಕನ ಮಗನಿಗೆ ತುಳು ಬರುತ್ತದೆ. ಊಟ, ನಿದ್ದೆ, ಬೈಗುಳ ಎಲ್ಲವೂ ಅವನಿಗೆ ತುಳುವಿನಲ್ಲಿ ಬರುತ್ತದೆ. ಕಿದೆ ಎಂದರೆ ಗೊತ್ತಿಲ್ಲ. ಕಿದೆಯನ್ನೇ ಕಂಡಿಲ್ಲದ ಮೇಲೆ ಅವನಿಗೆ ಆ ಪದ ಎಲ್ಲಿಂದ ಬರಬೇಕು?

ಎರಡು ವಾರದ ಮೇಲೆ ಮುದುಕರು ಮತ್ತೆ ಬಂದರು, ಈ ಸಲ ಮೊಳೆ ಕೊಳ್ಳಲು. ಜೇಬಿನಿಂದ ಸಣ್ಣ ಪ್ಲಾಸ್ಟಿಕ್ ಚೀಲವೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಒಳಗೆ ತಿಳಿಹಸಿರು ಛಾಯೆಯ ಬಿಳಿ ಹರಳುಗಳು, ಧೂಪದ ಅಂಟು. ಅರಬ್ಬಿಯಲ್ಲಿ ಅದು ಲುಬಾನ್. “ನಿಮ್ಮ ಮಾತಿನಲ್ಲಿ ಏನೆನ್ನುತ್ತೀರಿ ವಾಲಿದ್?” ಎಂದೆ. ಅವರು ಹೇಳಿದ್ದನ್ನು ಬರೆಯಬೇಕಾದರೆ ‘ಶ್ಹಜ್’ ಎಂದು ಬರೆಯಬೇಕು. ನಾನು ಹಾಗೆಯೇ ಅಂದೆ. “ಇಲ್ಲ ಸದೀಕ್” ಎಂದು ಅವರು ತಮ್ಮ ಕೆನ್ನೆಗೆ ತೋರುಬೆರಳು ಒತ್ತಿ, ಉಸಿರು ಹೋಗಬೇಕಾದ ದಾರಿಯನ್ನು ತೋರಿಸಿದರು. ಮತ್ತೆ ಅಂದೆ. ಮತ್ತೆ ತಪ್ಪಿತು. ಆಗ ಹುಡುಗ ಮುಂದೆ ಬಂದು, ಬಾಯಿ ತೆರೆದು ನಾಲಿಗೆ ಎಲ್ಲಿ ನಿಲ್ಲಬೇಕೆಂದು ತೋರಿಸಿ, ಆ ಪದವನ್ನು ಅಜ್ಜನಷ್ಟೇ ಸಲೀಸಾಗಿ ಆಡಿದ. ಮರಿಗಳ ದೊಡ್ಡಿಯ ಹೆಸರು ತಿಳಿಯದ ಅದೇ ಹುಡುಗ.

ಆ ಒಂದು ಸದ್ದಿನ ಹಿಂದೆ ಎಷ್ಟು ಕಾಲ ಇದೆ ಎಂದು ತಿಳಿದದ್ದು ಆಮೇಲೆ. ಒಂದಾನೊಂದು ಕಾಲದಲ್ಲಿ ಸೆಮಿಟಿಕ್ ಭಾಷೆಗಳಲ್ಲೆಲ್ಲ ಅದು ಇತ್ತು. ಹೀಬ್ರೂವಿನಲ್ಲಿ ಅದು ಬರಿಯ ಸ ಆಯಿತು, ಅರಬ್ಬಿಯಲ್ಲಿ ಶ ಆಯಿತು. ಅದು ಜೀವಂತವಾಗಿದ್ದ ದಿನಗಳಲ್ಲಿ ಸುಗಂಧದ ಅಂಟೊಂದರ ಹೆಸರನ್ನು ಕೇಳಿದ ಗ್ರೀಕರಿಗೆ ಆ ಸದ್ದಿನಲ್ಲಿ ಲ ಮತ್ತು ಸ ಎರಡೂ ಕೇಳಿಸಿದವು. ಅವರು ಅದನ್ನು ‘ಬಾಲ್ಸಮೊನ್’ ಎಂದು ಬರೆದುಕೊಂಡರು. ಬಾಲ್ಸಮ್ ಬಂದದ್ದು ಅಲ್ಲಿಂದ. ತಲೆನೋವು ಬಂದರೆ ನಮ್ಮ ಮನೆಗಳಲ್ಲಿ ಹಣೆಗೆ ಹಚ್ಚುವ ‘ಬಾಮ್’ ಕೂಡ ಆ ಪದದ್ದೇ ಸವೆದ ರೂಪ. ಅರಬ್ಬರು ತಮ್ಮ ಭಾಷೆಯನ್ನು ‘ದಾದ್ ಅಕ್ಷರದ ಭಾಷೆ’ ಎಂದು ಹೆಮ್ಮೆಯಿಂದ ಕರೆಯುತ್ತಾರೆ. 8ನೆಯ ಶತಮಾನದ ವ್ಯಾಕರಣಕಾರ ಸಿಬವೈಹಿ ಆ ದಾದ್ ಅಕ್ಷರವನ್ನು ನಾಲಿಗೆಯ ಪಕ್ಕದಿಂದ ಹೊರಡುವ ಸದ್ದು ಎಂದೇ ವಿವರಿಸಿದ್ದಾನೆ. ಇಂದಿನ ಅರಬ್ಬಿಯಲ್ಲಿ ಬಹುಮಟ್ಟಿಗೆ ಆ ಉಚ್ಚಾರ ಇಲ್ಲ. ಅದಕ್ಕೆ ಹತ್ತಿರದ ಸದ್ದು ಉಳಿದಿರುವುದು ಅರಬ್ಬಿ ಅಲ್ಲದ ಈ ಬೆಟ್ಟದ ಮಾತಿನಲ್ಲಿ.

ಕನ್ನಡದವರಿಗೆ ಇದು ಅರ್ಥವಾಗದ ಸಂಗತಿಯಲ್ಲ. ಹಳಗನ್ನಡದ ೞ ನಮ್ಮ ಬಾಯಿಂದ ಹೋಗಿ ಶತಮಾನಗಳೇ ಆದವು. ಕೋೞಿ ಕೋಳಿಯಾಯಿತು, ಏೞು ಏಳಾಯಿತು. ತುಳುವಿನಲ್ಲಿ ಅದೇ ಕೋಳಿ ಕೋರಿ. ನಮ್ಮಲ್ಲಿ ಪದ ಉಳಿಯಿತು, ಸದ್ದು ಹೋಯಿತು. ಆ ಹುಡುಗನಲ್ಲಿ ಸದ್ದು ಉಳಿದಿತ್ತು, ಪದ ಹೋಗಿತ್ತು. ಇವೆರಡರಲ್ಲಿ ಯಾವುದು ಹೆಚ್ಚಿನ ನಷ್ಟ ಎಂದು ಬಹಳ ದಿನ ಯೋಚಿಸಿದ್ದೇನೆ. ಸದ್ದು ಹೋದರೂ ಕನ್ನಡ ಬದುಕಿತು. ಪದಗಳು ಹೋಗುತ್ತಾ ಹೋದರೆ ಸದ್ದು ಯಾವುದನ್ನು ಆಡುತ್ತಾ ಬದುಕಬೇಕು?

ಹೆಸರಿನ ವಿಷಯದಲ್ಲಿ ಇನ್ನೊಂದು ತೊಡಕು ಇದೆ. ಈ ಭಾಷೆಗೆ ‘ಜಿಬ್ಬಾಲಿ’ ಎಂಬ ಹೆಸರೂ ಬಳಕೆಯಲ್ಲಿದೆ. ಜಬಲ್ ಎಂದರೆ ಅರಬ್ಬಿಯಲ್ಲಿ ಬೆಟ್ಟ, ಜಿಬ್ಬಾಲಿ ಎಂದರೆ ಬೆಟ್ಟದ್ದು. ಶಹ್ರಾ ಎಂಬುದು ಅಲ್ಲಿನ ಒಂದು ಹಳೆಯ ಕುಲ, ಭಾಷೆ ಮೂಲದಲ್ಲಿ ಅವರದ್ದು ಎನ್ನುತ್ತಾರೆ. ಆದರೆ ಬಹುಕಾಲ ಆ ಕುಲದವರು ಕರಾ ಕುಲದವರ ಕೈಕೆಳಗೆ ಬದುಕಿದರು. ಗೆದ್ದವರು ಸೋತವರ ಭಾಷೆಯನ್ನು ಕಲಿತು ತಮ್ಮದಾಗಿಸಿಕೊಂಡರು. ಹಾಗಾಗಿ ಶೆಹ್ರಿ ಎಂದಾಗ ಕೆಲವರಿಗೆ ಕುಲದ ವಾಸನೆ ಬಡಿಯುತ್ತದೆ, ಜಿಬ್ಬಾಲಿ ಎಂದಾಗ ಇನ್ನು ಕೆಲವರಿಗೆ ತಮ್ಮ ಹೆಸರನ್ನು ಅಳಿಸಿದಂತೆ ಅನಿಸುತ್ತದೆ. ನಾನು ಶೆಹ್ರಿ ಎಂದು ಬರೆಯುತ್ತಿದ್ದೇನೆ, ಏಕೆಂದರೆ ಆ ಮುದುಕರು ತಮ್ಮ ಮಾತಿಗೆ ಕೊಟ್ಟ ಹೆಸರು ಅದು. ಜಿಬ್ಬಾಲಿ ಹೊರಗಿನ ಭಾಷೆಯೊಂದು ಕೊಟ್ಟ ಹೆಸರು, ಅದೂ ಅರಬ್ಬಿಯದು.

ಮೊದಲ ವರ್ಷದ ಜೂನ್ ತಿಂಗಳನ್ನು ನಾನು ಮರೆಯಲಾರೆ. ಮರುಭೂಮಿಯ ನಾಡು ಎಂದು ಹೋದವನು ನಾನು. ಜೂನ್ ಕೊನೆಯ ಹೊತ್ತಿಗೆ ಕಡಲಿನಿಂದ ಮೋಡ ಎದ್ದು ಬಂದು ಬೆಟ್ಟಕ್ಕೆ ಅಂಟಿಕೊಂಡಿತು. ಜಿನುಗು ಮಳೆ ಹಿಡಿಯಿತು. ಕೆಲವೇ ವಾರಗಳಲ್ಲಿ ಬೋಳು ಇಳಿಜಾರುಗಳೆಲ್ಲ ಹಸಿರು. ನಮ್ಮ ಕರಾವಳಿಗೆ ಮಳೆ ತರುವ ನೈಋತ್ಯ ಮಾರುತವೇ ಅದು. ಮಂಗಳೂರಿನಿಂದ 2,000 ಕಿ.ಮೀ.ಗೂ ದೂರದಲ್ಲಿ, ಇಲ್ಲಿಗೆ ಬರುವ ಮೊದಲು ಆ ದಡವನ್ನು ಸವರಿಕೊಂಡು ಬರುತ್ತದೆ. ಅಲ್ಲಿ ಕಡಲಾಳದ ತಣ್ಣೀರು ಮೇಲೆದ್ದು ಬರುವುದರಿಂದ ಗಾಳಿ ತಂಪಾಗಿ ಮಂಜಾಗುತ್ತದೆ. ಆ ಮಂಜು ಮರದ ಎಲೆಗಳಲ್ಲಿ ಹನಿಗಟ್ಟಿ ತೊಟ್ಟಿಕ್ಕುತ್ತದೆ, ಕಾಡು ಅದರಿಂದಲೇ ಬದುಕುತ್ತದೆ. ಆ ಕಾಡಿನ ಮುಖ್ಯ ಮರ ನಮ್ಮ ಒಣಕಾಡುಗಳ ದಿಂಡಿಗದ ಹತ್ತಿರದ ಬಂಧು. ಈ ಕಾಲವನ್ನು ಅಲ್ಲಿ ಖರೀಫ್ ಎನ್ನುತ್ತಾರೆ. ನಮ್ಮ ಕೃಷಿ ಇಲಾಖೆಯ ಪಟ್ಟಿಗಳಲ್ಲಿ ಮುಂಗಾರು ಬೆಳೆಯನ್ನು ಖರೀಫ್ ಎಂದು ಬರೆದಿರುವುದನ್ನು ಎಷ್ಟು ಸಲ ನೋಡಿದ್ದೆ! ಗ್ರಂಥದ ಅರಬ್ಬಿಯಲ್ಲಿ ಆ ಪದಕ್ಕೆ ಶರತ್ಕಾಲ ಎಂಬ ಅರ್ಥ. ಮಳೆ ಎಂಬ ಅರ್ಥದಲ್ಲಿ ಅದು ಸಲಾಲಾ ಇರುವ ಧೋಫಾರ್ ಪ್ರಾಂತ್ಯದಲ್ಲೂ ನಮ್ಮ ಕಡೆಯೂ ಕೇಳುತ್ತದೆ.

ಬೆಟ್ಟದವರ ಬದುಕು ಪೂರ್ತಿ ಈ ಮೂರು ತಿಂಗಳ ಸುತ್ತ ತಿರುಗುತ್ತಿತ್ತು. ಕೆಸರಿನಲ್ಲಿ ಕಾಲು ಜಾರುವ ಒಂಟೆಗಳನ್ನು ಬಯಲಿಗೆ ಇಳಿಸುವುದು, ಮಂಜು ಸರಿದ ಮೇಲೆ ‘ಸರ್ಬ್’ ಎಂಬ ಹೊಳಪಿನ ಋತುವಿನಲ್ಲಿ ಮತ್ತೆ ಹತ್ತಿಸುವುದು. ಬೇಸಿಗೆಯಲ್ಲಿ ಮೇವಿಲ್ಲದಾಗ ದನಗಳಿಗೂ ಒಂಟೆಗಳಿಗೂ ಒಣಗಿಸಿದ ಮೀನು. ಸಲಾಲಾದ ಮರಳ ದಂಡೆಯಲ್ಲಿ ಬೆಳ್ಳಿಯ ಹಾಸಿನಂತೆ ಒಣಗುತ್ತಿದ್ದದ್ದು ನಮ್ಮ ಭೂತಾಯಿ ಮೀನೇ. ನಮ್ಮಲ್ಲಿ ಅದು ತೆಂಗಿನ ಬುಡಕ್ಕೆ ಗೊಬ್ಬರವಾಗುತ್ತದೆ, ಅಲ್ಲಿ ಹಸುವಿನ ಬಾಯಿಗೂ ಹೋಗುತ್ತದೆ. ಹೀಗೆ ಬದುಕಿದವರ ಭಾಷೆಯಲ್ಲಿ ದಿಕ್ಕುಗಳು ನಕ್ಷೆಯಿಂದ ಬಂದಿಲ್ಲ. ದಕ್ಷಿಣ ಎಂದರೆ ಕಡಲು. ಉತ್ತರ ಎಂದರೆ ಬೆಟ್ಟದಾಚೆಯ ಒಣ ಬಯಲು. ಘಟ್ಟದ ಮೇಲೆ, ಘಟ್ಟದ ಕೆಳಗೆ ಎಂದು ದಿನವೂ ಆಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೋಗುವುದು, ಬರುವುದು ಎಂಬ ಕ್ರಿಯಾಪದಗಳಲ್ಲಿಯೂ ಹೊತ್ತು ಸೇರಿಕೊಂಡಿದೆ. ಬೆಳಗಿನ ಹೊತ್ತು ಹೊರಡುವುದೇ ಬೇರೆ, ಸಂಜೆ ಜಾನುವಾರುಗಳ ಹಿಂದೆ ಮನೆಗೆ ಮರಳುವುದೇ ಬೇರೆ. ಸಂಜೆ ಜಾನುವಾರುಗಳೇ ಇಲ್ಲದ ಮನೆಗೆ, ಶಾಲೆಯ ಬಸ್ಸಿನಲ್ಲಿ ಮರಳುವ ಮಗುವಿಗೆ ಎರಡನೆಯ ಕ್ರಿಯಾಪದದಿಂದ ಆಗಬೇಕಾದದ್ದೇನೂ ಉಳಿದಿರುವುದಿಲ್ಲ.

ವ್ಯಾಕರಣದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಸರ್ವನಾಮ. ಶೆಹ್ರಿಯಲ್ಲಿ ‘ನಾವು’ ಬೇರೆ, ‘ನಾವಿಬ್ಬರು’ ಬೇರೆ. ನಾನೂ ನೀನೂ, ಅಥವಾ ನಾನೂ ಅವಳೂ, ಇಬ್ಬರೇ ಇಬ್ಬರು ಎನ್ನುವುದಕ್ಕೆ ಪ್ರತ್ಯೇಕ ಪದ ಇದೆ. ದ್ವಿವಚನಕ್ಕೆ ಹೆಸರಾದ ಅರಬ್ಬಿಯಲ್ಲೂ ಉತ್ತಮ ಪುರುಷದಲ್ಲಿ ಇದು ಇಲ್ಲ. ಎಳೆಯರ ಮಾತಿನಲ್ಲಿ ಈ ದ್ವಿವಚನ ಕರಗುತ್ತಿದೆ, ಎಲ್ಲದಕ್ಕೂ ಬಹುವಚನವೇ ಸಾಕಾಗುತ್ತಿದೆ. ತುಳುವಿನಲ್ಲಿ ನಮಗೆ ಇನ್ನೊಂದು ಬಗೆಯ ಸಿರಿ ಇದೆ. ‘ನಮ’ ಎಂದರೆ ಕೇಳುತ್ತಿರುವ ನೀನೂ ಸೇರಿದ ನಾವು, ‘ಎಂಕುಳು’ ಎಂದರೆ ನಿನ್ನನ್ನು ಬಿಟ್ಟು ನಾವು. ಚಿಕ್ಕವನಿದ್ದಾಗ ಅಜ್ಜಿ “ನಮ ಪೋಯಿ” ಎಂದರೆ ಕುಣಿದಾಡುತ್ತಿದ್ದೆ, ಏಕೆಂದರೆ ನಾನೂ ಹೋಗುವವನು. “ಎಂಕುಳು ಪೋಪ” ಎಂದಳೋ, ಅಳು ಶುರು. ಅಂಥ ಸರ್ವನಾಮವೊಂದು ಹೋದರೆ ಏನು ಹೋಗುತ್ತದೆ ಎಂದು ಯಾರಾದರೂ ಕೇಳಿದರೆ, ಆ ಅಳುವನ್ನು ನೆನೆಯುತ್ತೇನೆ.

ಶೆಹ್ರಿ ಹೊರಜಗತ್ತಿನ ವಿದ್ವಾಂಸರ ಕಣ್ಣಿಗೆ ಬಿದ್ದದ್ದು 1838ರ ಹೊತ್ತಿಗೆ. ಜೆದ್ದಾದಲ್ಲಿದ್ದ ಫ್ರೆಂಚ್ ರಾಜತಾಂತ್ರಿಕ ಫುಲ್ಜಾನ್ಸ್ ಫ್ರೆನೆಲ್ ಅದನ್ನು ಕೇಳಿ ಬರೆದುಕೊಂಡ. ಪ್ರಾಚೀನ ಹಿಮ್ಯಾರ್ ರಾಜ್ಯದ ಭಾಷೆಯೇ ಸಿಕ್ಕಿತು ಎಂದು ಅವನು ನಂಬಿದ. ಅದು ನಿಜವಲ್ಲ ಎಂದು ಆಮೇಲೆ ತಿಳಿಯಿತು. ಟಿ. ಎಂ. ಜಾನ್‌ಸ್ಟನ್ ಅವರ ನಿಘಂಟು ಬಂದದ್ದು 1981ರಲ್ಲಿ. ಅಷ್ಟು ಹೊತ್ತಿಗೆ ಬೆಟ್ಟದ ಬದುಕು ತಲೆಕೆಳಗಾಗಿತ್ತು. ಸುಲ್ತಾನ್ ಸಯೀದ್ ಬಿನ್ ತೈಮೂರ್ ಆಳ್ವಿಕೆಯಲ್ಲಿ ಇಡೀ ಒಮಾನಿಗೆ ಇದ್ದದ್ದು ಮೂರು ಶಾಲೆ. 1965ರಲ್ಲಿ ಧೋಫಾರಿನ ಬೆಟ್ಟದಲ್ಲಿ ಬಂಡಾಯ ಎದ್ದಿತು, ಹತ್ತು ವರ್ಷ ನಡೆಯಿತು. ನಡುವೆ 1970ರ ಜುಲೈಯಲ್ಲಿ ಮಗ ಖಾಬೂಸ್ ತಂದೆಯನ್ನು ಇಳಿಸಿ ಪಟ್ಟಕ್ಕೆ ಬಂದರು. ಖಾಬೂಸ್ ಹುಟ್ಟಿದ್ದು ಸಲಾಲಾದಲ್ಲೇ, ಅವರ ತಾಯಿ ಬೆಟ್ಟದ ಕುಲದ ಹೆಣ್ಣುಮಗಳು. ಬಳಿಕ ರಸ್ತೆ, ಆಸ್ಪತ್ರೆ, ನೀರು, ಶಾಲೆ ಎಲ್ಲವೂ ಬಂದವು. ಬರಲೇಬೇಕಿತ್ತು, ಹಸಿದು, ರೋಗದಿಂದ ನರಳಿ, ಅಕ್ಷರವಿಲ್ಲದೆ ಒಂದು ಭಾಷೆಯನ್ನು ಉಳಿಸಿಕೊಡಿ ಎಂದು ಯಾರನ್ನೂ ಕೇಳುವ ಹಕ್ಕು ನಮಗಿಲ್ಲ. ಆದರೆ ಶಾಲೆ ಬಂದದ್ದು ಅರಬ್ಬಿಯಲ್ಲಿ ಮಾತ್ರ. ಟಿ.ವಿ., ಕಚೇರಿ, ಮಸೀದಿಯ ಪ್ರವಚನ ಎಲ್ಲವೂ ಅರಬ್ಬಿ. ಯಾರೂ ಶೆಹ್ರಿಯನ್ನು ಆಡಬೇಡಿ ಎನ್ನಲಿಲ್ಲ, ಅದಕ್ಕೆ ಒಂದು ಪೀಠವನ್ನಷ್ಟೇ ಹಾಕಲಿಲ್ಲ.

ಇಂದಿನ ಶೆಹ್ರಿಗೆ ಬರಹದ ಪರಂಪರೆ ಇಲ್ಲ. ಧೋಫಾರಿನ ಗುಹೆಗಳ ಗೋಡೆಯ ಮೇಲೆ ಬಹಳ ಹಳೆಯ ಲಿಪಿಯೊಂದರ ಬರಹಗಳಿವೆ, ಸ್ಥಳೀಯ ಸಂಶೋಧಕ ಅಲಿ ಅಹ್ಮದ್ ಅಲ್-ಶಹ್ರಿ ಅವನ್ನು ಹುಡುಕಿ ದಾಖಲಿಸಿದ್ದಾರೆ. ತಾಕಾದ ಬಳಿಯ ಖೋರ್ ರೋರಿಗೆ ಒಂದು ಶುಕ್ರವಾರ ಹೋಗಿದ್ದೆ. ಧೂಪ ತುಂಬಿಕೊಂಡು ಹಡಗುಗಳು ಹೊರಡುತ್ತಿದ್ದ ಸಮ್ಹರಮ್ ಬಂದರಿನ ಕಲ್ಲುಗಳು ಅಲ್ಲಿ ಇವೆ. ಬಾಗಿಲ ಗೋಡೆಯಲ್ಲಿ ಹದ್ರಮೌತ್ ರಾಜ್ಯದ ಶಾಸನ. ಅಲ್ಲಿ ಅಗೆದಾಗ ಸಿಕ್ಕ ಒಂದು ಮಡಕೆ ಚೂರಿನ ಮೇಲೆ ತಮಿಳು ಬ್ರಾಹ್ಮಿಯಲ್ಲಿ ಒಬ್ಬ ವ್ಯಾಪಾರಿಯ ಹೆಸರು ಕೂಡ ಇತ್ತು. ಆಳಿದವರ ಅಕ್ಷರ ಉಳಿಯಿತು, ಕೊಳ್ಳಲು ಬಂದವನ ಅಕ್ಷರವೂ ಉಳಿಯಿತು. ಬೆಟ್ಟದಾಚೆಯ ಬಿಸಿಲಿನಲ್ಲಿ ಮರದ ತೊಗಟೆ ಕೆತ್ತಿ, ಅಂಟು ಗಟ್ಟಿಯಾಗಲು ಕಾದು, ಮತ್ತೆ ಬಂದು ಕೆರೆದು ತೆಗೆದವರ ಮಾತು ಆ ಗೋಡೆಯಲ್ಲಿಲ್ಲ.

ಈಚಿನ ವರ್ಷಗಳಲ್ಲಿ, ಲೀಡ್ಸ್ ವಿಶ್ವವಿದ್ಯಾಲಯದಲ್ಲಿದ್ದ ಭಾಷಾವಿಜ್ಞಾನಿ ಜಾನೆಟ್ ವಾಟ್ಸನ್ ಮತ್ತು ಅವರ ಜೊತೆಗಿನವರು, ಅಲ್ಲಿನ ಜನರನ್ನೇ ಸೇರಿಸಿಕೊಂಡು, ಅರಬ್ಬಿ ಲಿಪಿಗೆ ಕೆಲವು ಹೊಸ ಅಕ್ಷರ ಕೂಡಿಸಿ ಈ ಭಾಷೆಗಳನ್ನು ಬರೆಯುವ ದಾರಿ ಮಾಡಿದ್ದಾರೆ, ನೂರಾರು ಗಂಟೆಗಳ ಮಾತನ್ನು ದಾಖಲಿಸಿದ್ದಾರೆ. ಸಂಶೋಧಕಿ ಮಿರಾಂಡಾ ಮಾರಿಸ್ ದಶಕಗಳ ಕಾಲ ಗಿಡಮರಗಳ ಹೆಸರು, ಬಳಕೆ, ಹಾಡುಗಳನ್ನು ಕೇಳಿ ಬರೆದುಕೊಂಡಿದ್ದಾರೆ. ಈ ಕೆಲಸಕ್ಕೆ ನಾನು ಕೈಮುಗಿಯುತ್ತೇನೆ. ಆದರೆ ಬೆಟ್ಟದ ಹುಡುಗರ ಮೊಬೈಲಿನ ಕೀಲಿಮಣೆಯಲ್ಲಿ ಆ ಹೊಸ ಅಕ್ಷರಗಳು ನನಗೆ ಕಾಣಲಿಲ್ಲ. ಅವರು ಮಾಡುವುದು ಬೇರೆ: ಬರೆಯುವ ಗೋಜಿಗೆ ಹೋಗದೆ ದನಿ ಕಳುಹಿಸುತ್ತಾರೆ. ವಾಟ್ಸ್ಆ್ಯಪ್‌ನಲ್ಲಿ ಒಂದು ನಿಮಿಷ, ಎರಡು ನಿಮಿಷ ಶೆಹ್ರಿಯಲ್ಲೇ ಮಾತಾಡಿ ಕಳುಹಿಸುತ್ತಾರೆ. ಅಂಗಡಿಯ ಮುಂದೆ ಜೀಪು ನಿಲ್ಲಿಸಿಕೊಂಡು ಫೋನನ್ನು ತುಟಿಯ ಹತ್ತಿರ ಅಡ್ಡ ಹಿಡಿದು ಮಾತಾಡುವ ಯುವಕರನ್ನು ದಿನವೂ ನೋಡುತ್ತಿದ್ದೆ. ಲಿಪಿಯಿಲ್ಲದ ಭಾಷೆಗೆ ಯಂತ್ರವೊಂದು ಇಷ್ಟು ಒದಗಿ ಬಂದದ್ದು ನನಗೆ ಸಣ್ಣ ಸಂಗತಿಯಾಗಿ ಕಾಣಲಿಲ್ಲ.

ನಾನು ಊರಿಗೆ ಮರಳಿ ಕೆಲವು ವರ್ಷಗಳಾದವು. ಹೊರಡುವಾಗ ಹುಡುಗ ನನ್ನ ನಂಬರು ತೆಗೆದುಕೊಂಡಿದ್ದ. ಖರೀಫ್ ಶುರುವಾದಾಗ ಒಂದು ಫೋಟೊ ಕಳುಹಿಸುತ್ತಾನೆ, ಮಂಜಿನಲ್ಲಿ ಅರ್ಧ ಕರಗಿದ ಹಸು, ಇಲ್ಲವೇ ರಸ್ತೆಬದಿಯ ಎಳನೀರಿನ ಅಂಗಡಿ. ನಾನು ಪುತ್ತೂರಿನ ಮಳೆಯದ್ದನ್ನು ಕಳುಹಿಸುತ್ತೇನೆ. ಕಳೆದ ಜೂನಿನಲ್ಲಿ ಅವನಿಗೆ ಒಂದು ಪ್ರಶ್ನೆ ಬರೆದೆ: ಅವತ್ತು ಅಂಗಡಿಯಲ್ಲಿ ಅಜ್ಜ ಹೇಳಿದ ಪದ ಯಾವುದು, ಆ ಮರಿಗಳ ದೊಡ್ಡಿಯದ್ದು? ಅವನಿಗೆ ಆ ದಿನದ ನೆನಪಿರಲಿಲ್ಲ. ಕೇಳಿ ಹೇಳುತ್ತೇನೆ ಎಂದ. ನಾಲ್ಕು ದಿನ ಬಿಟ್ಟು ಹನ್ನೊಂದು ಸೆಕೆಂಡಿನ ದನಿ ಬಂತು. ಮೊದಲು ಗಾಳಿ. ಆಮೇಲೆ ಮುದುಕರ ದನಿ, ಒಂದೇ ಪದ. ಹಿಂದೆ ಎಲ್ಲೋ ಮರಿಯೊಂದು ಕೂಗುತ್ತದೆ. ಕಡೆಯಲ್ಲಿ ಈಗ ಒಡೆದು ದಪ್ಪಗಾಗಿರುವ ಹುಡುಗನ ದನಿ ಅದೇ ಪದವನ್ನು ಹೇಳುತ್ತದೆ, ಮುದುಕರು ತಿದ್ದುತ್ತಾರೆ, ಅವನು ಮತ್ತೆ ಹೇಳುತ್ತಾನೆ.

ಎಷ್ಟು ಸಲ ಕೇಳಿದರೂ ನನ್ನ ಬಾಯಿಗೆ ಅದು ಬಂದಿಲ್ಲ, ಬರೆಯಲೂ ಆಗಿಲ್ಲ. ಫೋನಿನಲ್ಲಿ ಆ ಕಡತವನ್ನು ಉಳಿಸಿಕೊಳ್ಳಲು ಏನಾದರೂ ಹೆಸರು ಕೊಡಬೇಕಿತ್ತು. ‘ಕಿದೆ’ ಎಂದು ಬರೆದೆ.